ಮೊಗಲಾಯಿಯಿಂದ ದಾಟಿ ಬಂದ ಮಕ್ಕಳು

1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ರವರೆಗೆ, ಹದಿಮೂರು ತಿಂಗಳ ಕಾಲ, ರೋಣ ತಾಲ್ಲೂಕಿನ ಮೂಡಣ ಅಂಚೇ ಭಾರತದ ಅಂಚಾಗಿತ್ತು. ಗಜೇಂದ್ರಗಡದ ಕೋಟೆ ಗುಡ್ಡದಾಚೆ ಕುಷ್ಟಗಿ, ನರೇಗಲ್ಲಿನಾಚೆ ಯಲಬುರ್ಗಾ, ಕುಕನೂರು, ಅದರಾಚೆ ಕೊಪ್ಪಳ. ಇವೆಲ್ಲ ಆಗ ನಿಜಾಮರ ರಾಯಚೂರು ಜಿಲ್ಲೆಗೆ ಸೇರಿದ ಊರುಗಳು. ಕೊಪ್ಪಳ, ಯಲಬುರ್ಗಾಗಳಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ಈಚೆಯವರು ಆ ಸೀಮೆಯನ್ನು ಒಟ್ಟಾಗಿ ಮೊಗಲಾಯಿ ಎನ್ನುತ್ತಿದ್ದರು. ಇಂದು ಬಸ್ಸಿನಲ್ಲಿ ಕುಳಿತು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ದಾಟಿಬಿಡುವ ಆ ಗೆರೆಯನ್ನು ಮಕ್ಕಳು ರಾತ್ರೋರಾತ್ರಿ ನಡೆದು ದಾಟಿದ ವರ್ಷ ಅದು.

ಆ ಗೆರೆ ಹೆಸರಿಗಷ್ಟೇ ಇದ್ದದ್ದಲ್ಲ. ಆಚೆ ನಡೆಯುವುದು ಹಾಲಿ ಸಿಕ್ಕಾ, ಈಚೆ ನಡೆಯುವುದು ಕಲ್ದಾರ್ ರೂಪಾಯಿ. ಎರಡರ ಬೆಲೆ ಬೇರೆ, ಸಂತೆಯಲ್ಲಿ ಬದಲಿಸಿಕೊಳ್ಳುವಾಗ ವಟ್ಟ ಕಳೆದೇ ಲೆಕ್ಕ. ಹಾದಿಯಲ್ಲಿ ಕರೋಡಗಿರಿ ನಾಕಾ, ಅಂದರೆ ನಿಜಾಮರ ಸುಂಕದ ಕಟ್ಟೆ; ಹತ್ತಿಯ ಗಾಡಿ, ಬಟ್ಟೆಯ ಗಂಟು, ಎಣ್ಣೆಯ ಡಬ್ಬಿ ಎಲ್ಲವನ್ನೂ ಬಿಚ್ಚಿ ತೋರಿಸಿ ಮುಂದೆ ಹೋಗಬೇಕು. ಅಂಚೆ ಚೀಟಿ ಬೇರೆ, ಕಚೇರಿಯ ಭಾಷೆ ಬೇರೆ, ಪ್ರಾಥಮಿಕದ ಮೇಲಿನ ಓದು ಉರ್ದುವಿನಲ್ಲಿ. ಸಭೆ ಸೇರಲು, ಖಾಸಗಿ ಶಾಲೆ ತೆರೆಯಲು ಸರ್ಕಾರದ ಅಪ್ಪಣೆ ಬೇಕು. ಅಂಥದರಲ್ಲೂ ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ, ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ, ಕಲಬುರ್ಗಿಯಲ್ಲಿ ನೂತನ ವಿದ್ಯಾಲಯ ಕನ್ನಡದ ಮಕ್ಕಳಿಗೆ ಒಂದಿಷ್ಟು ನೆರಳಾಗಿದ್ದವು.

ಆದರೆ ಮನೆಗಳಿಗೆ ಈ ಗೆರೆ ಇರಲಿಲ್ಲ. ರೋಣದ ಹೆಣ್ಣುಮಕ್ಕಳನ್ನು ಯಲಬುರ್ಗಾಕ್ಕೆ ಕೊಟ್ಟಿತ್ತು, ಕುಷ್ಟಗಿಯಿಂದ ಗಜೇಂದ್ರಗಡಕ್ಕೆ ತಂದಿತ್ತು. ಕಾಲಕಾಲೇಶ್ವರನ ಜಾತ್ರೆಗೆ ಎರಡೂ ಕಡೆಯ ಗಾಡಿಗಳು ಬರುತ್ತಿದ್ದವು. ಒಂದೇ ಎರೆಮಣ್ಣು, ಒಂದೇ ಜೋಳ, ಒಂದೇ ಮಾತು. 1948ರ ಕಥೆ ಅರ್ಥವಾಗಬೇಕಾದರೆ ಇದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪಂಜಾಬಿನಲ್ಲಿ, ಬಂಗಾಳದಲ್ಲಿ ಒಂದು ನಾಡನ್ನು ಕೊಯ್ದು ಎರಡು ಮಾಡಿದರು. ಇಲ್ಲಿ ಸುಮಾರು ಒಂದೂವರೆ ಶತಮಾನದ ಹಿಂದೆಯೇ ಬಿದ್ದಿದ್ದ ಗೆರೆಯೊಂದು ಇದ್ದಕ್ಕಿದ್ದಂತೆ ಎರಡು ದೇಶಗಳ ಗಡಿಯಾಗಿ ಗಟ್ಟಿಯಾಯಿತು.

ಬ್ರಿಟಿಷರು ಹೊರಡುವುದು ಖಚಿತವಾದ ಮೇಲೆ, 1947ರ ಜೂನ್‌ನಲ್ಲಿ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತಾನು ಯಾವ ಒಕ್ಕೂಟಕ್ಕೂ ಸೇರದೆ ಸ್ವತಂತ್ರನಾಗಿ ಉಳಿಯುವೆನೆಂದು ಸಾರಿದ. ಸುಮಾರು 1 ಕೋಟಿ 60 ಲಕ್ಷ ಜನರ ಸಂಸ್ಥಾನ ಅದು, ಜನರಲ್ಲಿ ಬಹುಪಾಲು ಹಿಂದೂಗಳು, ಆಡಳಿತದ ಮೇಲ್ಮಟ್ಟದಲ್ಲಿ ಬಹುಪಾಲು ಮುಸ್ಲಿಮರು. ಸ್ವಾಮಿ ರಾಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ ಆಗಸ್ಟ್ 7ರಂದು ಭಾರತಕ್ಕೆ ಸೇರುವ ಚಳವಳಿಗೆ ಕರೆಕೊಟ್ಟಿತು, ಬಂಧನಗಳು ಸಾಲುಗಟ್ಟಿದವು. ನವೆಂಬರ್ 29ರಂದು ಭಾರತ ಮತ್ತು ಹೈದರಾಬಾದ್ ನಡುವೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿಯಾಯಿತು. ಆದರೆ ಹಳ್ಳಿಗಳಲ್ಲಿ ಯಥಾಸ್ಥಿತಿ ಎಂಬುದು ಉಳಿದಿರಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯ ಹಿಂದೆ ನಿಜಾಮರ ಪರವಾದ ಸ್ವಯಂಸೇವಕರ, ಅಂದರೆ ರಜಾಕಾರರ ಪಡೆ ಬೆಳೆದಿತ್ತು. ಲೆವಿ ಧಾನ್ಯದ ಹೆಸರಿನಲ್ಲಿ ಹಗೇವುಗಳನ್ನು ತೆಗೆಸುವುದು, ತ್ರಿವರ್ಣ ಧ್ವಜ ಹಾರಿಸಿದ ಊರಿಗೆ ನುಗ್ಗುವುದು, ಬೆಂಕಿ ಹಚ್ಚುವುದು, ಹೆಂಗಸರ ಮೇಲೆ ಕೈಮಾಡುವುದು ನಡೆಯಿತು. ಪೊಲೀಸರು ಕೆಲವೆಡೆ ಸುಮ್ಮನಿದ್ದರು, ಕೆಲವೆಡೆ ಜೊತೆಗೂಡಿದರು.

ಇದನ್ನು ಬರೀ ಹಿಂದೂ-ಮುಸ್ಲಿಂ ಜಗಳವೆಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ನಿಜವಲ್ಲ. ರಜಾಕಾರರನ್ನು ಖಂಡಿಸಿ ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್‌ರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಂದರು. ಅತ್ತ ದಲಿತ ನಾಯಕರಲ್ಲಿ ಕೆಲವರು ನಿಜಾಮರ ಪಕ್ಷದಲ್ಲಿದ್ದರು. ಸುಟ್ಟ ಮನೆಗಳಲ್ಲಿ ದಲಿತರ ಮನೆಗಳೂ ಇದ್ದವು. ಅಧಿಕಾರ ಬಿಟ್ಟುಕೊಡಲಾರದ ಒಂದು ಸಂಸ್ಥಾನ ತನ್ನ ಪ್ರಜೆಗಳ ಮೇಲೇ ಹೂಡಿದ ಒಳಯುದ್ಧ ಅದು. ಒಳಯುದ್ಧ ಎಲ್ಲೇ ಆಗಲಿ, ಮೊದಲು ಊರು ಬಿಡುವವರಲ್ಲಿ ಮಕ್ಕಳಿರುತ್ತಾರೆ.

ಗುಳೆ ಹೋಗುವುದು ಈ ಸೀಮೆಗೆ ಹೊಸದಲ್ಲ. ಬರ ಬಿದ್ದಾಗಲೆಲ್ಲ ಜನ ಗಾಡಿ ಹೂಡಿದವರೇ. ಬರದ ಗುಳೆಯಲ್ಲಿ ಹಗಲು ಹೊತ್ತು ಹೊರಡಬಹುದು, ದನಕರು ಹೊಡೆದುಕೊಂಡು ಹೋಗಬಹುದು, ಯಾರಿಗೂ ಅಂಜಬೇಕಿಲ್ಲ. ಈ ಸಲದ್ದು ಹಾಗಿರಲಿಲ್ಲ. ಕಾಳನ್ನು ಹಗೇವಿನಲ್ಲೇ ಬಿಟ್ಟು ಬಾಯಿ ಮುಚ್ಚಬೇಕು, ದನಗಳ ಕಣ್ಣಿ ಬಿಚ್ಚಬೇಕು, ಎತ್ತಿನ ಕೊರಳ ಗೆಜ್ಜೆ ತೆಗೆಯಬೇಕು, ಕೂಸು ಅಳದಂತೆ ನೋಡಿಕೊಳ್ಳಬೇಕು. ಗಾಡಿ ಇದ್ದವರಿಗೆ ಗಾಡಿ, ಇಲ್ಲದವರಿಗೆ ಅಪ್ಪನ ಹೆಗಲು. ಮುಂಗಾರು ಶುರುವಾದ ಮೇಲಂತೂ ಎರೆ ಹೊಲದಲ್ಲಿ ಹೆಜ್ಜೆ ಎತ್ತಿ ಇಡುವುದೇ ಕಷ್ಟ. ದೊಡ್ಡವರ ಕಾಲಿಗೇ ಸೇರುಗಟ್ಟಲೆ ಮಣ್ಣು ಹತ್ತುವ ಆ ನೆಲದಲ್ಲಿ ಆರೇಳು ವರ್ಷದ ಮಕ್ಕಳು ನಡೆದರು.

ಬಂದವರು ಇಳಿದದ್ದೆಲ್ಲಿ? ಆ ವರ್ಷದ ಬಗ್ಗೆ ಬರೆದವರು ಗಡಿಯ ಹೋರಾಟದ ಶಿಬಿರಗಳ ಬಗ್ಗೆ ಬರೆದಷ್ಟು ಈ ಪ್ರಶ್ನೆಯ ಬಗ್ಗೆ ಬರೆದಿಲ್ಲ. ಉತ್ತರ ಮಾತ್ರ ಈ ಸೀಮೆಯ ಬಂಧುತ್ವದಲ್ಲೇ ಇದೆ. ತವರಿದ್ದ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಳು. ಬೀಗರಿದ್ದವರು ಬೀಗರ ಮನೆಯ ಪಡಸಾಲೆ ಸೇರಿದರು. ಸೋದರಮಾವನ ಮನೆ ಎಂಬುದು ಆ ವರ್ಷ ನೂರಾರು ಮಕ್ಕಳಿಗೆ ಭಾರತ ದೇಶವಾಗಿತ್ತು. ಪಂಜಾಬಿನ ನಿರಾಶ್ರಿತರಿಗೆ ಕೇಂದ್ರದಲ್ಲಿ ಒಂದು ಸಚಿವಾಲಯವೇ ಹುಟ್ಟಿತು, ಕುರುಕ್ಷೇತ್ರದಂಥ ಕಡೆ ಡೇರೆಗಳ ಪಟ್ಟಣಗಳೇ ಎದ್ದವು. ಗದಗ, ರೋಣ, ಮುಂಡರಗಿಗಳಲ್ಲಿ ಆ ಭಾರವನ್ನು ಬಹುಮಟ್ಟಿಗೆ ಹೊತ್ತದ್ದು ಅಡುಗೆಮನೆಗಳು. ಆ ಅಡುಗೆಮನೆಗಳ ಹೆಂಗಸರು ಅರೆಹೊಟ್ಟೆ ಉಂಡು ಬಂದವರಿಗೆ ರೊಟ್ಟಿ ತಟ್ಟಿದರು. ಹೋರಾಟಗಾರರ ಯಾದಿಯಲ್ಲಿ ಅವರ ಹೆಸರು ಬರಬೇಕಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಬಂಧುಗಳಿಲ್ಲದವರ ಪಾಡು ಬೇರೆ. ಅವರಿಗೆ ಗುಡಿಯ ಪೌಳಿ, ಚಾವಡಿ, ಮಠ. ಹಸಿದು ಬಂದವರಿಗೆ ಕೇಳದೆ ಉಣಬಡಿಸುವ ದಾಸೋಹದ ರೂಢಿ ಈ ಸೀಮೆಯ ಮಠಗಳಲ್ಲಿ ಮೊದಲಿನಿಂದ ಇದ್ದದ್ದೇ. ಇನ್ನು ಕೂಲಿಯ ಕುಟುಂಬಗಳಲ್ಲಿ ಎಷ್ಟೋ ಊರು ಬಿಡಲೇ ಇಲ್ಲ. ಆಚೆ ಹೋದರೆ ದುಡಿಸಿಕೊಳ್ಳುವವರಾರು, ಗುಡಿಯ ಪೌಳಿಗೆ ಬಿಟ್ಟುಕೊಳ್ಳುವವರಾರು ಎಂಬ ಪ್ರಶ್ನೆ ಅವರ ಮುಂದಿತ್ತು. ದಾಟಿ ಬಂದವರ ಕಥೆಯಾದರೂ ಅಷ್ಟಿಷ್ಟು ಉಳಿದಿದೆ. ದಾಟಲಾಗದೆ ಅಡವಿಯಲ್ಲಿ, ಹಳ್ಳದ ಸರುವಿನಲ್ಲಿ, ಬೆಳೆದ ಜೋಳದ ನಡುವೆ ರಾತ್ರಿ ಕಳೆದ ಮಕ್ಕಳ ಕಥೆ ಅಷ್ಟೂ ಉಳಿದಿಲ್ಲ.

ಇಲ್ಲಿ ಹೊಳೆಆಲೂರಿನ ಮಾತು ಬರುತ್ತದೆ. ಮಲಪ್ರಭೆಯ ದಂಡೆಯ, ರೋಣ ತಾಲ್ಲೂಕಿನದೇ ಆದ ಈ ಊರು ಗಡಿಯಿಂದ ಪಡುವಣಕ್ಕೆ ಸರಿದದ್ದು, ರಜಾಕಾರರ ಗದ್ದಲದ ನಡುವಿನದಲ್ಲ. ಆದರೆ ಗದಗಿನಿಂದ ಬಾದಾಮಿ, ಬಾಗಲಕೋಟೆ, ವಿಜಾಪುರ ಹಾದು ಸೊಲ್ಲಾಪುರದ ಹತ್ತಿರ ಹೋಟಗಿ ಸೇರುವ ರೈಲುಹಾದಿ ಹೊಳೆಆಲೂರಿನ ಮೇಲೆಯೇ ಹೋಗುತ್ತದೆ. ಗದಗಿನಿಂದ ಹೊಸಪೇಟೆಗೆ ಹೋಗುವ ಹಾದಿ ಕೊಪ್ಪಳದ ಮೂಲಕ, ಅಂದರೆ ನಿಜಾಮರ ನೆಲದ ಮೇಲೆ ಸಾಗುತ್ತಿತ್ತು. ಮುಂಬಯಿ-ಮದ್ರಾಸ್ ದೊಡ್ಡ ಹಾದಿ ಕಲಬುರ್ಗಿಯ ಮೇಲೆ ಸಾಗುತ್ತಿತ್ತು. 1948ರ ಮೇ 22ರಂದು ಗಾಣಗಾಪುರ ನಿಲ್ದಾಣದಲ್ಲಿ ರಜಾಕಾರರು ಆ ಹಾದಿಯ ರೈಲಿಗೆ ನುಗ್ಗಿ ಪ್ರಯಾಣಿಕರನ್ನು ಹೊಡೆದು ಕೊಂದರು. ಹೀಗಾಗಿ ಗದಗಿಗೂ ಸೊಲ್ಲಾಪುರಕ್ಕೂ ನಡುವೆ ಅಂಜಿಕೆಯಿಲ್ಲದೆ ಓಡಾಡಲು ಉಳಿದದ್ದು ಈ ಮೀಟರ್‌ಗೇಜ್ ಹಾದಿ. ಸೊಲ್ಲಾಪುರ ಬೀದರ್, ಕಲಬುರ್ಗಿ, ಉಸ್ಮಾನಾಬಾದ್ ಕಡೆಯಿಂದ ಓಡಿಬಂದವರ ದೊಡ್ಡ ಆಸರೆ. ಗದಗು ರಾಯಚೂರು, ಕೊಪ್ಪಳ ಕಡೆಯವರ ಆಸರೆ.

ಕರ್ನಾಟಕ ಏಕೀಕರಣದ ಕನಸು ಕಂಡ ಆಲೂರು ವೆಂಕಟರಾಯರ ಮನೆತನದ ಊರು ಇದೇ ಹೊಳೆಆಲೂರು. ಹರಿದು ಹಂಚಿಹೋದ ಕನ್ನಡ ನಾಡನ್ನು ಒಂದಾಗಿ ಕಾಣಬೇಕೆಂದು ಅವರು 1917ರಲ್ಲೇ 'ಕರ್ನಾಟಕ ಗತವೈಭವ' ಬರೆದರು. ಅವರ ಮನೆತನದ ತಾಲ್ಲೂಕಿನ ಗಡಿಯಲ್ಲೇ ಕನ್ನಡದ ಕೂಸು ಕನ್ನಡದ ಊರಿನಿಂದ ಕನ್ನಡದ ಊರಿಗೆ ಪರದೇಶಿಯಾಗಿ ಬರುವುದನ್ನು ಅವರು ತಮ್ಮ ಇಳಿವಯಸ್ಸಿನಲ್ಲಿ ಕಂಡರು.

ಗಡಿಯ ಉದ್ದಕ್ಕೂ ಹೋರಾಟದ ಶಿಬಿರಗಳು ಎದ್ದದ್ದು ಇದೇ ಹೊತ್ತಿಗೆ. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಖಂಡರು. ಬಿ.ಜಿ. ಖೇರರ ಮುಂಬಯಿ ಸರ್ಕಾರ ಕಂಡೂ ಕಾಣದಂತಿತ್ತು. ಶಿಬಿರದ ತರುಣರು ರಾತ್ರಿ ಗಡಿ ದಾಟಿ ಕರೋಡಗಿರಿ ನಾಕಾಗಳನ್ನು ಸುಟ್ಟರು, ಪೊಲೀಸ್ ಠಾಣೆಗಳ ಮೇಲೆ ಎರಗಿದರು, ಹಳ್ಳಿಗಳನ್ನು ನಿಜಾಮರ ಹಿಡಿತದಿಂದ ಬಿಡಿಸಿದರು. ಅವರ ಎದೆಗಾರಿಕೆ ದೊಡ್ಡದು, ಅದನ್ನು ಈ ನಾಡು ಮರೆಯಬಾರದು. ಜೊತೆಗೆ ಇನ್ನೊಂದನ್ನೂ ಹೇಳಬೇಕು. ನಾಕಾ ಸುಟ್ಟ ರಾತ್ರಿಯ ಮರುದಿನ ಸಿಟ್ಟು ತೀರಿಸಿಕೊಳ್ಳಲು ಸಿಗುವುದು ಶಿಬಿರದವರಲ್ಲ, ಹತ್ತಿರದ ಹಳ್ಳಿಯವರು. ಒಂದು ದಾಳಿ, ಅದಕ್ಕೊಂದು ಸೇಡು, ಅದರ ಹಿಂದೆ ಮತ್ತಷ್ಟು ಗಾಡಿಗಳು ಗಡಿಯ ಕಡೆ. ಹೋರಾಟಕ್ಕೆ ಬೇರೆ ದಾರಿ ಇರಲಿಲ್ಲ ಎನ್ನುವವರ ಮಾತನ್ನು ನಾನು ತೆಗೆದುಹಾಕಲಾರೆ. ಆದರೆ ಆ ದಾರಿಯ ಬೆಲೆಯಲ್ಲಿ ಮಕ್ಕಳ ಪಾಲೂ ಇತ್ತು.

ಕನ್ನಡ ಸೀಮೆಯಲ್ಲಿ ಅತಿ ಘೋರವಾದದ್ದು ನಡೆದದ್ದು ನಮ್ಮ ಭಾಗದಲ್ಲಲ್ಲ, ಬೀದರ್ ಜಿಲ್ಲೆಯಲ್ಲಿ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರಟಾ ಗ್ರಾಮಕ್ಕೆ ನುಗ್ಗಿದ ರಜಾಕಾರರು ಸುಮಾರು ಇನ್ನೂರು ಜನರನ್ನು ಕೊಂದರೆಂದು ಹೇಳಲಾಗುತ್ತದೆ. ಉಳಿದವರು ಊರನ್ನೇ ತೊರೆದರು.

ಅದೇ ವರ್ಷ ಅದೇ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಒಂದು ದಲಿತ ಕುಟುಂಬದ ಮನೆಗೆ ಬೆಂಕಿ ಬಿತ್ತು. ಒಳಗಿದ್ದ ತಾಯಿ ಮತ್ತು ಮಗಳು ಸುಟ್ಟು ಸತ್ತರು. ಹೊಲದಲ್ಲಿದ್ದ ತಂದೆ ಓಡಿಬಂದಾಗ ಅವನ ಕೈಗೆ ಸಿಕ್ಕದ್ದು ಹೊರಗಿದ್ದ ಮಗನೊಬ್ಬನೇ. 1942ರಲ್ಲಿ ಹುಟ್ಟಿದ ಆ ಹುಡುಗ ಮಲ್ಲಿಕಾರ್ಜುನ ಖರ್ಗೆ. ತಂದೆ ಮಾಪಣ್ಣ ಮಗನನ್ನು ಕರೆದುಕೊಂಡು ಊರು ಬಿಟ್ಟರು; ಕೊನೆಗೆ ನೆಲೆಯಾದದ್ದು ಕಲಬುರ್ಗಿ. ಹುಡುಗ ನೂತನ ವಿದ್ಯಾಲಯದಲ್ಲಿ ಓದಿದ, ವಕೀಲನಾದ, 1969ರಲ್ಲಿ ಎಂ.ಎಸ್.ಕೆ. ಗಿರಣಿಯ ಕಾರ್ಮಿಕರ ಕಾನೂನು ಸಲಹೆಗಾರನಾದ, 2022ರಲ್ಲಿ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷನಾದ. ಅವರ ರಾಜಕೀಯದ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ಆ ಆರು ವರ್ಷದ ಹುಡುಗ ಬದುಕಿ ಉಳಿದ ಸಂಗತಿ ಅದಕ್ಕೆ ಮೀರಿದ್ದು. ಅವರು ಇದನ್ನು ಸಾರ್ವಜನಿಕವಾಗಿ ಹೇಳಿಕೊಂಡದ್ದು ಅಪರೂಪ. ಬಹುಪಾಲು ಜನಕ್ಕೆ ತಿಳಿದದ್ದು ಅವರ ಮಗ ಮಾತನಾಡಿದ ಮೇಲೆ. ಅಂಥ ಬಾಲ್ಯ ಕಂಡವರ ಮೌನ ಎಷ್ಟು ದೀರ್ಘವಾಗಿರುತ್ತದೆ ಎಂಬುದು ನಮ್ಮ ಹಳ್ಳಿಗಳ ಹಿರಿಯರನ್ನು ಮಾತನಾಡಿಸಲು ಹೋದವರಿಗೂ ಗೊತ್ತು. 'ಗದ್ದಲದಾಗ ಹುಟ್ಟಿದಾಂವ ನಾ' ಎಂದು ವಯಸ್ಸಿನ ಲೆಕ್ಕ ಹೇಳುವ ಅಜ್ಜ, ಗದ್ದಲದಲ್ಲಿ ಏನಾಯಿತೆಂದು ಕೇಳಿದರೆ ಮಳೆ-ಬೆಳೆಯ ಮಾತಿಗೆ ಹೊರಳುತ್ತಾನೆ.

ದಾಟಿ ಬಂದ ಮಕ್ಕಳ ದಿನಗಳಲ್ಲಿ ಶಾಲೆ ಒಂದು ದೊಡ್ಡ ಕುತ್ತು. ಆಚೆ ಉರ್ದುವಿನಲ್ಲಿ ಲೆಕ್ಕ, ಭೂಗೋಳ ಕಲಿಯುತ್ತಿದ್ದ ಹುಡುಗ ಈಚೆ ಮುಂಬಯಿ ಪ್ರಾಂತದ ಕನ್ನಡ ಶಾಲೆಯಲ್ಲಿ ಕುಳಿತರೆ ಮನೆಮಾತು ಅವನದೇ, ಪಾಠದ ಮಾತು ಹೊಸದು. ಓದಿದ್ದ ತರಗತಿಗಿಂತ ಕೆಳಗೆ ಕುಳಿತುಕೊಳ್ಳುವುದು ಅನಿವಾರ್ಯ. ಎಷ್ಟೋ ಮಕ್ಕಳು ಅಷ್ಟಕ್ಕೂ ಹೋಗಲಿಲ್ಲ. ಬಂಧುವಿನ ಮನೆಯಲ್ಲಿ ಉಣ್ಣುವ ಬಾಯಿ ಹೆಚ್ಚಾದಾಗ ದನ ಕಾಯುವ, ಗಜೇಂದ್ರಗಡದಂಥ ನೇಕಾರರ ಊರಾದರೆ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಕೈಯೂ ಬೇಕಾಗುತ್ತದೆ. ಹೆಣ್ಣುಮಕ್ಕಳ ಗತಿ ಇನ್ನೂ ಬೇರೆ. ಗದ್ದಲದ ಅಂಜಿಕೆಗೆ ಎಳೆಯ ವಯಸ್ಸಿನಲ್ಲೇ ಅವರ ಮದುವೆ ಮುಗಿಸಿ ಜವಾಬ್ದಾರಿ ಕಳೆದುಕೊಳ್ಳುವುದು ಆ ಕಾಲದ ಅಪ್ಪಂದಿರಿಗೆ ಕಂಡ ರಕ್ಷಣೆಯಾಗಿತ್ತು. ಯುದ್ಧ ಮುಗಿದರೂ ಆ ಹುಡುಗಿಯರ ಬಾಲ್ಯ ಮರಳಿ ಬರಲಿಲ್ಲ.

1948ರ ಸೆಪ್ಟೆಂಬರ್ 13ರ ನಸುಕಿಗೆ ಭಾರತದ ಸೇನೆ 'ಆಪರೇಷನ್ ಪೋಲೋ' ಹೆಸರಿನಲ್ಲಿ ಒಳನುಗ್ಗಿತು. ಮುಖ್ಯ ಪಡೆ ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಕೈಕೆಳಗೆ ಸೊಲ್ಲಾಪುರದಿಂದ ನಳದುರ್ಗದ ಹಾದಿ ಹಿಡಿಯಿತು. ನಮ್ಮ ದಿಕ್ಕಿನಲ್ಲಿ ಗೂರ್ಖಾ ಪಡೆ ತುಂಗಭದ್ರೆಯ ಸೇತುವೆಯನ್ನು ವಶಪಡಿಸಿಕೊಂಡಿತು. 17ರ ಸಂಜೆ ನಿಜಾಮ ಯುದ್ಧ ನಿಲ್ಲಿಸಿದ್ದಾಗಿ ಸಾರಿದ. ಹೈದರಾಬಾದಿನ ದೂರು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಚರ್ಚೆಗೆ ಬಂದದ್ದು ಅದರ ಹಿಂದಿನ ದಿನವಷ್ಟೇ. ಗದಗು, ಮುಂಡರಗಿ, ಗಜೇಂದ್ರಗಡಗಳಿಂದ ಗಾಡಿಗಳು ಮೂಡಣಕ್ಕೆ ಹೊರಳಿದವು. ಊರಿಗೆ ಮರಳಿದವರಲ್ಲಿ ಕೆಲವರಿಗೆ ಮನೆ ಸಿಕ್ಕಿತು, ಕೆಲವರಿಗೆ ಗೋಡೆ ಮಾತ್ರ. ಕೆಲವರು ಮರಳಲೇ ಇಲ್ಲ. ಈಚೆಯ ತವರಿನಲ್ಲೋ, ಅಂಗಡಿಯ ಕೆಲಸದಲ್ಲೋ, ಮಗ್ಗದಲ್ಲೋ ಬೇರೂರಿದರು.

ಕಥೆಯನ್ನು ಇಲ್ಲಿಗೆ ನಿಲ್ಲಿಸುವುದೇ ಎಲ್ಲರ ರೂಢಿ. ನಾನು ನಿಲ್ಲಿಸಲಾರೆ. ಸೆಪ್ಟೆಂಬರ್ 17ರ ಮರುದಿನದಿಂದ ದಾಟುವ ಸರದಿ ಬೇರೆ ಮಕ್ಕಳದಾಯಿತು. ರಜಾಕಾರರು ಮಾಡಿದ್ದರ ಸೇಡನ್ನು ರಜಾಕಾರರಲ್ಲದ, ಏನೂ ಅರಿಯದ ಮುಸ್ಲಿಂ ಕುಟುಂಬಗಳ ಮೇಲೆ ತೀರಿಸಿಕೊಳ್ಳಲಾಯಿತು. ನೆಹರೂ ಅವರ ಸೂಚನೆಯಂತೆ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮೊದಲಾದವರ ನಿಯೋಗ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಂಸ್ಥಾನದಲ್ಲಿ ತಿರುಗಿತು. ಪೊಲೀಸ್ ಕಾರ್ಯಾಚರಣೆ ಎಂದು ಕರೆಯಲಾದ ಆ ಸೇನಾ ಕ್ರಮದ ವೇಳೆ ಮತ್ತು ನಂತರ 27,000ದಿಂದ 40,000 ಜನ ಸತ್ತಿರಬೇಕೆಂದು ಅದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ಕನ್ನಡ ಸೀಮೆಯವು: ಬೀದರ್ ಮತ್ತು ಕಲಬುರ್ಗಿ. ಹೆಣಗಳು ತುಂಬಿದ ಬಾವಿಗಳನ್ನು ನಿಯೋಗದವರು ಕಣ್ಣಾರೆ ಕಂಡರು; ಅಂಥ ಒಂದು ಬಾವಿಯಲ್ಲಿ ಎದೆಗೆ ಕೂಸು ಅಂಟಿಕೊಂಡಿದ್ದ ತಾಯಿಯೊಬ್ಬಳ ದೇಹವೂ ಇತ್ತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. 2013ರ ಹೊತ್ತಿಗೆ ಓದಲು ಸಿಕ್ಕಿತು.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಕೆಲವೆಡೆ ಹಿಂದೂ ನೇಕಾರರು ತಮ್ಮ ಕಸುಬಿನ ಮುಸ್ಲಿಂ ನೇಕಾರರನ್ನು ಕಾಪಾಡಲು ಹಿಂದೂ ಗುಂಪುಗಳನ್ನೇ ಎದುರಿಸಿದರು, ಕೆಲವರು ಅದಕ್ಕಾಗಿ ಜೀವ ತೆತ್ತರು. ಮಗ್ಗದ ಸಪ್ಪಳದಲ್ಲೇ ಬೆಳೆದ ಗಜೇಂದ್ರಗಡ ಸೀಮೆಯವರಿಗೆ ಇದನ್ನು ಓದಿದಾಗ ಎದೆ ತುಂಬಿಬರದೆ ಇರದು.

ಬದುಕಿ ಉಳಿದ ಮುಸ್ಲಿಂ ಮಕ್ಕಳಲ್ಲಿ ಎಷ್ಟೋ ಜನ ಹೈದರಾಬಾದ್ ನಗರಕ್ಕೆ ಓಡಿದರು. ಕೆಲವು ಕುಟುಂಬಗಳು ಮುಂಬಯಿ ಹಾದು ಕರಾಚಿ ಮುಟ್ಟಿದವು. ಅಲ್ಲಿ ಇಂದಿಗೂ ಹೈದರಾಬಾದ್ ಕಾಲನಿ ಎಂಬ ಬಡಾವಣೆಯಿದೆ, ಹೈದರಾಬಾದಿನ ಮುಖಂಡ ಬಹಾದುರ್ ಯಾರ್ ಜಂಗ್ ಹೆಸರಿನ ಬಹಾದುರಾಬಾದಿದೆ, ಅಲ್ಲಿನ ಚೌಕದಲ್ಲಿ ಚಾರ್‌ಮಿನಾರಿನ ಪ್ರತಿಕೃತಿಯಿದೆ. ದಖ್ಖನಿ ಮಾತನಾಡುತ್ತ ಅಲ್ಲಿಗೆ ಹೋದ ಮಕ್ಕಳಿಗೆ ನಿಜಕ್ಕೂ ಹೊಸ ದೇಶ, ಹೊಸ ಮಾತು, ಹೊಸ ಕಡಲು. ಅವರಿಗೆ ಸೆಪ್ಟೆಂಬರ್ 17 ಕಳೆದುಕೊಂಡ ದಿನ. ರಜಾಕಾರರ ಮುಖಂಡ ಕಾಸಿಂ ರಜ್ವಿಯೂ ಸೆರೆವಾಸ ಮುಗಿಸಿ 1957ರಲ್ಲಿ ಅದೇ ದೇಶಕ್ಕೆ ಹೋದ. ಅವನು ಹೋದದ್ದು ಇತಿಹಾಸದ ಪುಸ್ತಕಗಳಲ್ಲಿದೆ. ಆ ಮಕ್ಕಳು ಹೋದದ್ದು ಕುಟುಂಬಗಳ ನೆನಪಿನಲ್ಲಿ ಮಾತ್ರ.

ವಿಶ್ವಸಂಸ್ಥೆ 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿತು. ಕಿರುಕುಳದಿಂದ ಓಡಿಬಂದವರು ಬೇರೆ ದೇಶದಲ್ಲಿ ಆಶ್ರಯ ಬೇಡುವ ಹಕ್ಕು ಅದರ 14ನೇ ವಿಧಿಯಲ್ಲಿದೆ. 1951ರಲ್ಲಿ ನಿರಾಶ್ರಿತರ ಒಪ್ಪಂದವೂ ಬಂತು. ಗಡಿ ದಾಟಿದ ಕೊಪ್ಪಳ ಸೀಮೆಯ ಮಗು ಇವ್ಯಾವುದರ ಲೆಕ್ಕಕ್ಕೂ ಬರಲಿಲ್ಲ. ಅದು ದಾಟುವಾಗ ಇದ್ದ ಗಡಿ ಒಂದೇ ವರ್ಷದಲ್ಲಿ ಅಳಿಸಿಹೋಯಿತು, ಅದರೊಂದಿಗೆ ಆ ಮಗು ನಿರಾಶ್ರಿತವಾಗಿತ್ತು ಎಂಬ ದಾಖಲೆಯೂ ಹೋಯಿತು.

1956ರ ನವೆಂಬರ್ 1ರಂದು ಬೀದರ್, ಕಲಬುರ್ಗಿ, ರಾಯಚೂರು ಜಿಲ್ಲೆಗಳೂ ರೋಣ ತಾಲ್ಲೂಕು ಆಗ ಸೇರಿದ್ದ ಧಾರವಾಡ ಜಿಲ್ಲೆಯೂ ಒಂದೇ ರಾಜ್ಯದೊಳಗೆ ಬಂದವು. ಹಾಲಿ ಸಿಕ್ಕಾ ಹೋಗಿತ್ತು, ಕರೋಡಗಿರಿ ನಾಕಾ ಹೋಗಿತ್ತು. ಆದರೆ ಹಳೆಯ ಗೆರೆ ಪೂರ್ತಿ ಹೋಗಿಲ್ಲ. ಇಂದು ಅದು ಗದಗ ಮತ್ತು ಕೊಪ್ಪಳ ಜಿಲ್ಲೆಗಳ ನಡುವಿನ ಎಲ್ಲೆ. ಸೆಪ್ಟೆಂಬರ್ 17ರಂದು ಯಲಬುರ್ಗಾದಲ್ಲಿ ವಿಮೋಚನೆಯ ಧ್ವಜ ಏರುತ್ತದೆ, ಶಾಲೆಗಳಲ್ಲಿ ಸಿಹಿ ಹಂಚುತ್ತಾರೆ. ಹೋರಾಟಗಾರರಿಗೆ ನೆಲೆಯಾದ ಗಜೇಂದ್ರಗಡದಲ್ಲಿ ಅದು ಸರ್ಕಾರಿ ಹಬ್ಬವಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿ 2013ರಿಂದ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲಾತಿ ಕೊಡುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಹಿಂದುಳಿದ ಸೀಮೆಗೆ ಅದು ಸಲ್ಲಬೇಕಾದದ್ದೇ. ಸ್ಥಳೀಯರೆನಿಸಿಕೊಳ್ಳಲು ಆ ಜಿಲ್ಲೆಗಳಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿ ಹತ್ತು ವರ್ಷ ವಾಸವಿರಬೇಕು, ಇಲ್ಲವೇ ತಂದೆತಾಯಿಗೆ ಆ ಅರ್ಹತೆ ಇರಬೇಕು. 1948ರಲ್ಲಿ ಅಪ್ಪನ ಹೆಗಲ ಮೇಲೆ ಈಚೆ ಬಂದು, ರೋಣದಲ್ಲೋ ನರೇಗಲ್ಲಿನಲ್ಲೋ ಉಳಿದು, ಇಲ್ಲೇ ಮಕ್ಕಳನ್ನು ಪಡೆದವರ ಮೊಮ್ಮಕ್ಕಳು ಆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲಾರರು. ಅವರ ಅಜ್ಜ ಯಲಬುರ್ಗಾದವನೆಂದು ತೋರಿಸುವ ಕಾಗದ ಅವರ ಬಳಿ ಇಲ್ಲ, ಇದ್ದರೂ ಅಷ್ಟು ಹಿಂದಿನದನ್ನು ಯಾರೂ ಕೇಳುವುದಿಲ್ಲ. ಆ ಅಜ್ಜಂದಿರಲ್ಲಿ ನೆನಪಿರುವಷ್ಟು ದೊಡ್ಡವರಾಗಿದ್ದ ಮಕ್ಕಳಿಗೆ ಈಗ ಎಂಬತ್ತು ದಾಟಿದೆ. ಗದಗ ಮತ್ತು ಕೊಪ್ಪಳದ ಕಾಲೇಜುಗಳ ಇತಿಹಾಸ ವಿಭಾಗಗಳು ಒಬ್ಬೊಬ್ಬ ವಿದ್ಯಾರ್ಥಿಯನ್ನು ಒಂದೊಂದು ಊರಿಗೆ ಕಳಿಸಿ, ಹಿಂದೂ ಮನೆಗಳಿಗೂ ಮುಸ್ಲಿಂ ಮನೆಗಳಿಗೂ ಹೋಗಿ, ಅವರು ಹೇಳುವುದನ್ನು ಧ್ವನಿಮುದ್ರಿಸಿಕೊಳ್ಳಲು ಇನ್ನು ಕೆಲವೇ ವರ್ಷಗಳು ಉಳಿದಿವೆ.